ಅವ್ವ ಶಾವಿಗೆ ಮಾರಿದ ಬೇಸಿಗೆ

ಆಗೆಲ್ಲ ಹೋಳಿ ಹುಣ್ಣಿಮೆ ಮುಗಿಯಿತೆಂದರೆ ತಿಕೋಟಾದ ನಮ್ಮ ಓಣಿಯಲ್ಲಿ ಗಂಡಸರಿಗೆ ಕೂಡಲು ಜಾಗ ಸಿಗುತ್ತಿರಲಿಲ್ಲ. ಮನೆಮನೆಯ ಹೊರಸು, ಮಂಚಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಅವುಗಳ ಮೇಲೆ ಜೋಳದ ದಂಟು ಅಡ್ಡಡ್ಡ ಹಾಕಿ, ದಂಟಿನ ಮೇಲೆ ಶಾವಿಗೆ ಇಳಿಬಿಟ್ಟು ಒಣಗಿಸುತ್ತಿದ್ದರು. ಗಂಡಸರು ಕಟ್ಟೆಯ ತುದಿಯಲ್ಲಿ ಮುದುರಿಕೊಂಡು ಕೂತು, ಬೀಡಿಯ ಹೊಗೆಯನ್ನು ಸಹ ಆ ಕಡೆ ಬಿಡಲು ಹೆದರುತ್ತಿದ್ದರು. ನನ್ನ ವಾರಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆನೆದ ಗೋಧಿಯ ಆ ಹಸಿ ವಾಸನೆ ಅವರ ಮೂಗಿಗೆ ಆಗಲೇ ಬಂದಿರುತ್ತದೆ.

ಉಳಿದವರಿಗಾಗಿ ಹೇಳುತ್ತೇನೆ. ಗೋಧಿಯನ್ನು ನೆನೆಸಿ, ನೆರಳಲ್ಲಿ ಆರಿಸಿ, ಬೀಸಿ, ಹಳೇ ಧೋತರದ ತೆಳು ಬಟ್ಟೆಯಲ್ಲಿ ಸೋಸಬೇಕು. ಕಲಸಿದ ಹಿಟ್ಟನ್ನು ಎಣ್ಣೆ ಸವರಿ ಒರಳಿನಲ್ಲಿ ಕುಟ್ಟಿ ಕುಟ್ಟಿ ಮೆತ್ತಗೆ ಮಾಡಬೇಕು. ಆಮೇಲೆ ಮಣೆ. ಆಳುದ್ದದ ಹಲಗೆಯ ಒಂದು ತುದಿಯನ್ನು ಎತ್ತರಕ್ಕಿಟ್ಟು, ಅದರ ಮೇಲೆ ಒಬ್ಬಳು ಕೂತು ಅಂಗೈಯಿಂದ ಹಿಟ್ಟನ್ನು ಹೊಸೆಯುತ್ತಾಳೆ. ಎಳೆ ಕೆಳಗಿಳಿಯುತ್ತದೆ. ಕೆಳಗೆ ಕೂತವಳು ಅದನ್ನು ಹರಿಯದಂತೆ ಎಳೆದುಕೊಳ್ಳುತ್ತಾಳೆ. ಹುಡುಗಿಯರಾದ ನಮ್ಮ ಕೆಲಸ ದಂಟು ಹಿಡಿಯುವುದು ಮತ್ತು ಹಿಟ್ಟು ಕದಿಯುವುದು. ಕದ್ದ ಹಿಟ್ಟನ್ನು ಅಗಿದಷ್ಟೂ ಅದು ರಬ್ಬರಿನ ಹಾಗಾಗುತ್ತಿತ್ತು. ಯಾರದು ಉದ್ದ ಜಗ್ಗುತ್ತದೆ ಎಂದು ನಾನು, ಪಕ್ಕದ ಮನೆಯ ಕಮಲಿ ಪಂದ್ಯ ಕಟ್ಟುತ್ತಿದ್ದೆವು.

ವರ್ಷಕ್ಕಾಗುವಷ್ಟು ಶಾವಿಗೆ ಒಬ್ಬಳಿಂದ ಆಗುವ ಮಾತಲ್ಲ. ಅದಕ್ಕೇ ಮುಯ್ಯಿ ಇತ್ತು. ಇವತ್ತು ಓಣಿಯ ಹೆಂಗಸರೆಲ್ಲ ನಿಮ್ಮ ಮನೆಗೆ, ನಾಳೆ ನೀವು ಅವರ ಮನೆಗೆ. ಕರೆದ ಮನೆಯವರು ಚುರಮರಿ ಚೂಡಾ, ಚಹಾ ಕೊಟ್ಟರೆ ಮುಗಿಯಿತು.

ನಾನು ಆರು ವರ್ಷದವಳಿದ್ದಾಗ ಅಪ್ಪ ತೀರಿಕೊಂಡಿದ್ದ. ಅವ್ವನನ್ನು ಆಮೇಲೆ ಯಾವ ಉಡಿ ತುಂಬುವುದಕ್ಕೂ ಯಾರೂ ಕರೆಯಲಿಲ್ಲ. ಮದುವೆಗೆ ಹೋದರೂ ಹಿಂದೆ, ಅಡುಗೆ ಮಾಡುವವರ ಹತ್ತಿರ ಕೂಡುತ್ತಿದ್ದಳು. ಶಾವಿಗೆಯ ದಿನಗಳಲ್ಲಿ ಮಾತ್ರ ಮೊದಲ ಕರೆ ಅವಳಿಗೇ. ಅವಳ ಎಳೆಯಷ್ಟು ಸಣ್ಣ ಎಳೆ ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಕಮಲಿಯ ತಾಯಿ ನೀಲವ್ವ ದೊಡ್ಡವ್ವ ಗೋಡೆಯ ಆಚೆಯಿಂದ ಕೂಗುತ್ತಿದ್ದಳು, “ಏ ಗೌರಾ, ನಾಳಿ ನಮ್ಮನ್ಯಾಗ ಐತಿ. ನೀ ಬರೂತನಕ ಮಣಿ ಹಾಕೂದಿಲ್ಲ ನೋಡ ಬೇ!” ಆ ಕೂಗು ಕೇಳಿದ ಮರುದಿನ ಅವ್ವ ಬೆಳಿಗ್ಗೆ ಬೇಗ ತಲೆ ಬಾಚಿಕೊಳ್ಳುತ್ತಿದ್ದಳು.

ನಾವು ಉಣ್ಣುತ್ತಿದ್ದುದು ಅಪ್ಪನ ತಮ್ಮ, ನಮ್ಮ ಕಾಕಾ ಅಳೆದು ಹಾಕಿದ ಜೋಳ. ಅವರ ಹೊಲದಲ್ಲಿ ಅವ್ವ ವರ್ಷವಿಡೀ ದುಡಿದರೂ, ಅಳೆಯುವಾಗ ಅವರ ಮುಖ ದಾನ ಕೊಡುವವರ ಮುಖವೇ. ನನಗೆ ಒಂಬತ್ತು ವರ್ಷವಾದ ಬೇಸಿಗೆಯಲ್ಲಿ ಅವ್ವ ಒಂದು ಹಿಡಿ ಶಾವಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ನನ್ನ ಕೈ ಹಿಡಿದು, ಬಿಜಾಪುರದ ಬಸ್ಸು ಹತ್ತಿದಳು. ಬಜಾರದಲ್ಲಿ ಒಂದು ದೊಡ್ಡ ಕಿರಾಣಿ ಅಂಗಡಿ. ಸಾಹುಕಾರ ನಮ್ಮ ಹಿಂದೆ ಇನ್ನೂ ಯಾರೋ ಬರುತ್ತಾರೆಂದು ಬಾಗಿಲ ಕಡೆ ನೋಡಿದ.

“ಗಂಡಸರು ಯಾರೂ ಬಂದಿಲ್ಲೇನ್ರಿ?”

“ಇಲ್ರಿ.”

“ಮತ್ತ ಮಾತು ಯಾರ ಜೋಡಿ ಮುಗಸೂದು?”

“ನನ್ನ ಜೋಡಿನ ಮುಗಸ್ರಿ. ಶಾವಿಗಿ ಹೊಸೆದಾಕಿ ನಾನ.”

ಸಾಹುಕಾರ ಒಂದು ಎಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಂತರ ಅವ್ವನಿಗಲ್ಲ, ನನಗೆ ಹೇಳುವವನ ಹಾಗೆ ಹೇಳಿದ. “ಮದುವಿ ಸುಗ್ಗಿ ಸುರು ಆಗೂದ್ರಾಗ ಆರು ಬುಟ್ಟಿ ಬೇಕು. ಐದು ತಂದ್ರ ವಾಪಸ್ ಕಳಸ್ತೀನಿ. ಹೆಣ್ಮಕ್ಕಳ ಮಾತು ನಂಬಿ ನಾ ಗಿರಾಕಿ ಕಳಕೊಳ್ಳಾಂಗಿಲ್ಲ.”

“ಆರು ಕೊಡ್ತೀನ್ರಿ,” ಎಂದಳು ಅವ್ವ.

ಬಬಲೇಶ್ವರದ ಸೋದರಮಾವ ಚಕ್ಕಡಿಯಲ್ಲಿ ಗೋಧಿ ಕಳಿಸಿದ. ಚೀಲ ಇಳಿಸುವುದನ್ನು ಕಂಡವರು, “ತಾಯಿ ಮಗಳು ಇಬ್ಬರಿಗೆ ಇಷ್ಟ್ಯಾಕ ಬೇ?” ಎಂದು ಕೇಳಿದರು. ಅವ್ವ ನಕ್ಕು ಚೀಲಗಳನ್ನು ಒಳಗೆ ಸರಿಸಿದಳು. ಮಾರುವ ಸುದ್ದಿ ಕಾಕಾನ ಕಿವಿಗೆ ಬಿದ್ದರೆ ಹೊಸ್ತಿಲು ದಾಟದಂತೆ ತಡೆಯುತ್ತಾರೆಂಬ ಭಯ ಅವಳಿಗೆ. ಆ ಸಲ ಅವಳು ಓಣಿಯ ಎಂಟು ಮನೆಗೂ ಹೋಗಿ ಹೊಸೆದಳು, ಒಂದನ್ನೂ ತಪ್ಪಿಸಲಿಲ್ಲ. ಕೊನೆಗೆ ನಮ್ಮ ಮನೆಯ ಸರದಿ ಬಂತು. ಎಂಟು ಜನ ಬಂದರು, ನಾಲ್ಕು ಮಣೆ ಹಾಕಿದರು. ಹಾಡು, ನಗು, ಅತ್ತೆಯಂದಿರ ಮೇಲಿನ ದೂರು ಎಲ್ಲ ನಡೆದಿದ್ದವು. ನಮ್ಮ ಅಂಗಳ ಅಷ್ಟು ತುಂಬಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಮಧ್ಯಾಹ್ನ ದಾಟಿತು. ಎರಡು ಬುಟ್ಟಿ ತುಂಬಿದರೂ ಅವ್ವ ಒಳಗಿನಿಂದ ಹಿಟ್ಟು ತರುತ್ತಲೇ ಇದ್ದಳು. ನೀಲವ್ವ ದೊಡ್ಡವ್ವ ಬೆನ್ನು ನೆಟ್ಟಗೆ ಮಾಡಿಕೊಂಡು, “ಗೌರಾ, ಇನ್ನೂ ಎಷ್ಟೈತಿ ಬೇ?” ಎಂದಳು. ಅವ್ವ ಬಾಯಿ ತೆರೆಯುವ ಮೊದಲೇ ನಾನು, ಬಾಯಿಬಡುಕಿ, ಬಾಯಿತುಂಬ ಹಿಟ್ಟು ತುಂಬಿಕೊಂಡೇ ಹೇಳಿದೆ, “ಆರು ಬುಟ್ಟಿ ದೊಡ್ಡವ್ವಾ! ಬಿಜಾಪುರದ ಅಂಗಡ್ಯಾಗ ಮಾರಾಕ!”

ನನಗೆ ಅದು ಹೆಮ್ಮೆಯ ಸುದ್ದಿ. ಎಲ್ಲರೂ ಶಾಬಾಸ್ ಅನ್ನುತ್ತಾರೆಂದುಕೊಂಡಿದ್ದೆ. ಮಣೆಗಳ ಮೇಲೆ ಕೈಗಳು ನಿಂತವು.

“ಮುಯ್ಯಿ ಅಂತ ಬಂದೀವಿ ಗೌರಾ,” ಎಂದಳು ನೀಲವ್ವ. “ಉಣ್ಣಾಕ ಮಾಡಾಕತ್ತಿ ಅಂತ ಬಂದೀವಿ. ನಮ್ಮ ಕೈಯಾಗಿಂದು ಅಂಗಡ್ಯಾಗ ತೂಗಿ ಮಾರ್ತಿ?”

“ನಾನೂ ನಿಮ್ಮ ಎಂಟೂ ಮನ್ಯಾಗ ಹೊಸೆದೀನಲ್ಲ ಅಕ್ಕಾ. ದಿನಕ್ಕ ದಿನ ಸರಿ ಆತು. ನನ್ನ ದಿನದಾಗ ನಾ ಉಣ್ತೀನಿ, ಮಾರ್ತೀನಿ.”

“ಮಾರು. ಮೊದಲ ಒಂದ ಮಾತು ಹೇಳಬೇಕಿತ್ತು.”

“ಹೇಳಿದ್ರ ಬರ್ತಿದ್ರೇನು?”

ಹೆಂಗಸರು ಮತ್ತೆ ಮಣೆಗೆ ಬಾಗಿದರು. ಯಾರೂ ಅರ್ಧಕ್ಕೆ ಎದ್ದು ಹೋಗಲಿಲ್ಲ. ಕಲಸಿದ ಹಿಟ್ಟು ಬಿಟ್ಟೇಳುವುದು ನಮ್ಮ ಕಡೆ ಪಾಪ. ಮಣೆಯ ಮೇಲಿದ್ದಷ್ಟನ್ನು ಹಾಡಿಲ್ಲದೆ, ಮಾತಿಲ್ಲದೆ ಹೊಸೆದು ಮುಗಿಸಿ, ಕೈ ತೊಳೆದುಕೊಂಡರು. ಅವ್ವ ಚಹಾದ ಕಪ್ಪುಗಳನ್ನು ಹಿಡಿದು ಬರುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು.

ಮರುದಿನ ಅವ್ವ ಇನ್ನೊಂದು ತಪ್ಪು ಮಾಡಿದಳು. ಬಂದವರಿಗೆ ಕೂಲಿ ಕೊಡುತ್ತೇನೆಂದು ನನ್ನ ಕೈಲಿ ಹೇಳಿ ಕಳಿಸಿದಳು. ನೀಲವ್ವ ದೊಡ್ಡವ್ವ ಬೇಳೆ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, “ನಿಮ್ಮವ್ವಗ ಹೇಳು. ಮುಯ್ಯಿ ಮುರಿದ್ಲು ಹೋಗ್ಲಿ, ನಮ್ಮನ್ನ ಕೂಲಿ ಮಂದಿ ಮಾಡಬ್ಯಾಡ ಅಂತ.” ಕಮಲಿ ಬಾಗಿಲ ಹಿಂದೆ ನಿಂತಿದ್ದಳು. ಹೊರಗೆ ಬರಲಿಲ್ಲ.

ಮೂರೂವರೆ ಬುಟ್ಟಿ ಉಳಿದಿತ್ತು. ನಾವಿಬ್ಬರೇ ಕೂತೆವು. ಅವ್ವ ಮೇಲೆ, ನಾನು ಕೆಳಗೆ. ಅಲ್ಲಿಯವರೆಗೆ ದಂಟು ಮಾತ್ರ ಹಿಡಿದಿದ್ದ ನನ್ನ ಕೈಗೆ ಎಳೆ ನಿಲ್ಲುತ್ತಿರಲಿಲ್ಲ. ಮೊದಲ ದಿನ ಹರಿದದ್ದೇ ಹೆಚ್ಚು. ಅಷ್ಟು ದಿನ ಶಾಲೆ ತಪ್ಪಿಸಿದೆ. ತೋಳು ನೋಯುತ್ತಿದ್ದವು. ನೋವನ್ನಾದರೂ ತಡೆಯಬಹುದಿತ್ತು, ಆ ಸದ್ದಿಲ್ಲದ ಅಂಗಳವನ್ನು ತಡೆಯಲಾಗುತ್ತಿರಲಿಲ್ಲ. ಹಿಟ್ಟು ಕದಿಯಲು ಹೋದರೆ ನೋಡಿ ಗದರುವವರೇ ಇಲ್ಲ, ಕದಿಯುವ ಸುಖವೇ ಹೋಯಿತು. ಗೋಡೆಯ ಆಚೆ ಒಂದು ದಿನ ಹೆಂಗಸರೆಲ್ಲ ಸೇರಿ ಸಂಡಿಗೆ ಇಡುತ್ತಾ ಹಾಡುತ್ತಿದ್ದರು. ಅವ್ವ ಗೊತ್ತಿಲ್ಲದೆ ಈ ಕಡೆಯಿಂದ ದನಿಗೂಡಿಸಿದಳು. ಎರಡನೇ ಸೊಲ್ಲಿಗೆ ಎಚ್ಚರವಾಗಿ ನಿಲ್ಲಿಸಿಬಿಟ್ಟಳು.

“ಅವ್ವಾ, ನಾ ಹೇಳಬಾರದಿತ್ತೇನ?” ಎಂದು ಕೇಳಿದೆ. ನನಗೆ ಅಳು ಬಂದಿತ್ತು.

“ನೀ ಖರೇನ ಹೇಳಿದಿ. ನಾ ಹೇಳಬೇಕಿತ್ತು, ಹೆದರಿದೆ. ಎಳಿ ಹರೀತು ನೋಡು, ಹಿಡಿ.”

ಹನ್ನೆರಡು ದಿನಕ್ಕೆ ಆರನೆಯ ಬುಟ್ಟಿ ತುಂಬಿತು. ಅವ್ವನ ಅಂಗೈಯ ಚರ್ಮ ಸುಲಿದುಹೋಗಿತ್ತು. ಬಟ್ಟೆ ಸುತ್ತಿದ ಆ ಕೈಯಿಂದಲೇ ಸಾಹುಕಾರನ ಮುಂದೆ ಬುಟ್ಟಿಗಳನ್ನು ಬಿಚ್ಚಿದಳು. ಅವನು ಪ್ರತಿ ಬುಟ್ಟಿಯ ತಳದವರೆಗೂ ಕೈ ಹಾಕಿ ನೋಡಿ, “ಮುಂದಿನ ವರ್ಷ ಹತ್ತು ತರ್ರಿ,” ಎಂದ. ಈ ಸಲ ಅವ್ವನ ಮುಖ ನೋಡಿಯೇ ಹೇಳಿದ. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಖುಷಿಯಾಗಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ಸಂಜೆ ಎಂಟೂ ಮನೆಗೆ ತಾಟಿನಲ್ಲಿ ಶಾವಿಗೆ ಇಟ್ಟುಕೊಂಡು ಹೋದಳು. ಎಲ್ಲರೂ ಇಸಿದುಕೊಂಡರು. ಯಾರೂ ಒಳಗೆ ಬಾ ಅನ್ನಲಿಲ್ಲ.

ಮುಂದಿನ ಬೇಸಿಗೆ ಅವ್ವನನ್ನು ಒಬ್ಬರೂ ಮುಯ್ಯಿಗೆ ಕರೆಯಲಿಲ್ಲ. ಅದರ ಮುಂದಿನ ವರ್ಷ ನಾವು ಬಿಜಾಪುರದಲ್ಲಿ ಬಾಡಿಗೆ ಮನೆ ಹಿಡಿದೆವು. ತೊರವಿಯ ಕಡೆಯಿಂದ ಹೆಂಗಸರು ಕೂಲಿಗೆ ಬರುತ್ತಿದ್ದರು, ಹೊತ್ತು ಇಳಿದ ಕೂಡಲೇ ಸೆರಗು ಝಾಡಿಸಿ ಹೊರಟುಬಿಡುತ್ತಿದ್ದರು. ವ್ಯಾಪಾರ ಬೆಳೆಯಿತು. ನಾನು ಓದಿ ಮಾಸ್ತರಿಣಿಯಾದದ್ದು ಆ ಶಾವಿಗೆಯಿಂದಲೇ. ಕಾಕಾನ ಜೋಳ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ನಾನು ಹದಿನಾರರವಳಿದ್ದಾಗ ಒಮ್ಮೆ ನೀಲವ್ವ ದೊಡ್ಡವ್ವ ಬಂದಳು. ಕಮಲಿಯ ಮದುವೆಗೆ ಶಾವಿಗೆ ಬೇಕಾಗಿತ್ತು. ಅವ್ವ ಸಂಭ್ರಮದಿಂದ ಒಳಗೆ ಓಡಿ, ತನ್ನ ಕೈಯಿಂದಲೇ ಹೊಸೆದಿದ್ದನ್ನು ಆರಿಸಿ ಗಂಟು ಕಟ್ಟಿದಳು. “ರೊಕ್ಕ ಬ್ಯಾಡ ಅಕ್ಕಾ. ಕಮಲಿ ನನ್ನ ಮಗಳಿದ್ದಾಂಗ.”

ನೀಲವ್ವ ಸಿಟ್ಟು ಮಾಡಲಿಲ್ಲ. ನೋಟುಗಳನ್ನು ಮಣೆಯ ಅಂಚಿಗಿಟ್ಟಳು. “ಮಾರೂ ಮಾಲು, ಪುಕ್ಕಟೆ ಹ್ಯಾಂಗ ಒಯ್ಯಲಿ? ಎಳಿ ಇನ್ನೂ ಹಂಗ ಐತಿ ನೋಡು ನಿಂದು.” ಅಷ್ಟೆಂದು, ಬಸ್ಸು ತಪ್ಪುತ್ತದೆಂದು ಹೊರಟೇಬಿಟ್ಟಳು.

ಅವ್ವ ಬಾಗಿಲಲ್ಲಿ ನಿಂತೇ ಇದ್ದಳು. “ಮದುವಿಗಿ ಬಾ ಅಂದ್ಲೇನ? ನನಗ ಕೇಳಸಲಿಲ್ಲೇನೋ.”

“ಅಂದ್ಲವ್ವಾ. ನಿನಗ ಕೇಳಸಲಿಲ್ಲ,” ಎಂದೆ. ಅವ್ವ ನನ್ನ ಮುಖ ನೋಡಿದಳು. ಒಂಬತ್ತು ವರ್ಷದವಳಿದ್ದಾಗ ಬಾಯಿಗೆ ಬಂದ ಸತ್ಯ ಆಡಿದವಳು ಹದಿನಾರಕ್ಕೆ ಸುಳ್ಳು ಹೇಳಲು ಕಲಿತಿದ್ದೇನೆಂದು ಅವಳಿಗೆ ತಿಳಿಯಿತು. ಮಣೆಗೆ ಹೋಗಿ ಕೂತಳು.

ಅವ್ವ ಈಗಿಲ್ಲ. ಹೋದ ವರ್ಷ ತಿಕೋಟಾಕ್ಕೆ ಹೋಗಿದ್ದೆ. ಅದೇ ಓಣಿಯಲ್ಲಿ ಮಹಿಳಾ ಸಂಘದವರು ಮೆಷಿನ್ ಇಟ್ಟು ಶಾವಿಗೆ ಮಾರುತ್ತಾರೆ. ಗೋಡೆಯ ಮೇಲೆ ಸನ್ಮಾನದ ಫೋಟೋ ಇದೆ. ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮುಯ್ಯಿಯ ಮಾತು ತೆಗೆದರೆ, ಪಾಕೀಟು ಕಟ್ಟುತ್ತಿದ್ದ ಹುಡುಗಿ “ಹಂಗಂದ್ರೇನ್ರಿ ಟೀಚರ್?” ಎಂದು ಕೇಳಿದಳು. ಮಾರುವುದು ಈಗ ಯಾರಿಗೂ ನಾಚಿಕೆಯಲ್ಲ. ಬಾ ಎಂದು ಒಬ್ಬರನ್ನೊಬ್ಬರು ಕರೆಯುವ ಅಂಗಳಗಳು ಮಾತ್ರ ಉಳಿದಿಲ್ಲ. ಅವ್ವನಿಗೆ ವ್ಯಾಪಾರವೂ ಬೇಕಿತ್ತು, ಓಣಿಯೂ ಬೇಕಿತ್ತು. ಎರಡನ್ನೂ ಬೇಡಿದ್ದು ಅವಳ ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.