ಸಮನ್ಸಿನ ಮೇಲೆ ಅಂಟಿಸಿದ ದೇವರು

ಬಾಗಿಲಿಗೆ ಬಣ್ಣ ಹೊಡೆದುಬಿಟ್ಟರೆ?

ಈ ಒಂದು ಚಿಂತೆ ಶಿವಕಾಂತಮ್ಮನ ತಲೆಯೊಳಗೆ ಹದಿನೈದು ದಿನದಿಂದ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಕೂಸಿಗೆ ಅನ್ನ ಕಲಸಿ ಉಣಿಸುವಾಗಲೂ ಅದೇ, ಹೊಲಿಗೆ ಮಷೀನಿನ ಮುಂದೆ ಕೂತಾಗಲೂ ಅದೇ. ಬಾಗಿಲು ಅವಳದಲ್ಲ. ಕಮಲಾಪುರದಲ್ಲಿರುವ ಗಂಡ ಸೂರ್ಯಕಾಂತನ ಮನೆಯದು. ಹೆಣ್ಣು ಹಡೆದು, ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಹೋದವಳನ್ನು ಹೊಸ್ತಿಲ ಹೊರಗಿನಿಂದಲೇ ತಿರುಗಿ ಕಳಿಸಿದ ಬಾಗಿಲು.

ಅವತ್ತು ಅತ್ತೆ ಸೂಗಮ್ಮ ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಸೂರ್ಯಕಾಂತ ಮಾತ್ರ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ಅಂದಿದ್ದ, "ಕಲಬುರ್ಗಿ ಸಾಲ್ಯಾಗ ಓದೀದೆಲ್ಲ? ಕೋರ್ಟಿಗಿ ಹೋಗು. ನಾ ಅಂತೂ ಬರಂಗಿಲ್ಲ. ಯಾರ್ ಏನ್ ಕಿತ್ಕೋತಾರ ನೋಡ್ತೇನಿ."

ಅವಳು ಹೋದಳು. ಅವನು ಆಡಿದಂತೆಯೇ ಬರಲಿಲ್ಲ. ಸಮನ್ಸು ಮೂರು ಸಲ ವಾಪಸಾಯಿತು. ನಾಲ್ಕನೇ ಸಲ, ತೊಂಬತ್ತೈದರ ಕಾರ್ತಿಕದಲ್ಲಿ, ಕೋರ್ಟಿನ ಬೇಲೀಫ ಅದನ್ನು ಬಾಗಿಲಿಗೇ ಅಂಟಿಸಿ ಬಂದ. ಆದರೂ ಬರಲಿಲ್ಲ. ಕಡೆಗೆ ಜಡ್ಜ್ ಸಾಹೇಬರು ಅವನ ಗೈರಿನಲ್ಲೇ ಜೀವನಾಂಶದ ಹುಕುಂ ಬರೆದರು. ಹುಕುಂ ಅಮಲಿಗೆ ಪೊಲೀಸಪ್ಪ ಮನೆ ಮುಂದೆ ನಿಂತಾಗ ಸೂರ್ಯಕಾಂತ ಎಚ್ಚರಾದ. ಹುಕುಂ ರದ್ದತಿ ಕೇಳಲು ಇದ್ದ ಮೂರು ತಿಂಗಳ ಮುದ್ದತು ಮುಗಿಯುವ ನಾಲ್ಕು ದಿನ ಮೊದಲು ಅರ್ಜಿ ಹಾಕಿದ: ನನಗೆ ಸಮನ್ಸೇ ಮುಟ್ಟಿಲ್ಲ, ಹುಕುಂ ರದ್ದು ಮಾಡ್ರಿ.

ಆ ಅರ್ಜಿಯನ್ನು ಶಿವಕಾಂತಮ್ಮ ಎಷ್ಟು ಸಲ ಓದಿದಳೆಂದರೆ ಕಾಗದದ ಮಡಿಕೆ ಹರಿದಿತ್ತು. ರೊಕ್ಕದ ಮಾತು ಆಮೇಲೆ. ಅವನು ಕಟಕಟೆಯಲ್ಲಿ ನಿಂತು, ತನ್ನ ಬಾಯಿಂದಲೇ ತಾನು ಸಿಕ್ಕಿಬೀಳುವುದನ್ನು ಕಣ್ಣಾರೆ ನೋಡಬೇಕಾಗಿತ್ತು ಅವಳಿಗೆ. ಹೊಸ್ತಿಲ ಹೊರಗೆ ನಿಂತ ಆ ಒಂದು ತಾಸಿಗೆ ಬೇರೆ ಯಾವ ಬಡ್ಡಿಯೂ ಸಾಲದು.

ಹಾದಿ ತೋರಿಸಿದವಳು ಕಮಲಾಪುರದ ಬಾಜೂಮನೆ ನೀಲಗಂಗಮ್ಮ. ಕಲಬುರ್ಗಿಯ ಸೂಪರ್ ಮಾರ್ಕೆಟ್ ಪೇಟೆಯ ಅರಿವೆ ಅಂಗಡಿಯಲ್ಲಿ ಎದುರಾದವಳೇ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ನಿನ್ ಗಂಡನ ಶಾಣ್ಯಾತನ ಕೇಳೀದೇನವ್ವಾ? ಬೇಲೀಫ 'ಹರದ್ರ ಜೈಲು' ಅಂದು ಹೋದ. ಹರಿಯಾಕ ಧೈರ್ಯ ಇಲ್ಲ, ಓಣಿ ಮಂದಿಗಿ ತೋರ್ಸಾಕ ಮಾರಿ ಇಲ್ಲ. ಎರಡು ದಿನ ಬಿಟ್ಟು ಸ್ಟೂಲ್ ಹತ್ತಿ, ಮೈದಾ ಅಂಟು ಹಚ್ಚಿ, ಅದರ ಮ್ಯಾಲ ಶರಣಬಸವೇಶ್ವರರ ಪಟಾನೇ ಬಡದುಬಿಟ್ಟ! ದೇವರನ್ನ ಯಾರ್ ಕೀಳ್ತಾರ?"

"ಈಗೂ ಅದನs ಅದು?"

"ಇರ್ಲಾರದೇನು! ನಿಮ್ ಅತ್ತಿಗಿ ಒಳಗಿನ ಕಾಗದದ ಸುದ್ದೀನೇ ಗೊತ್ತಿಲ್ಲ. ಮಗ ಭಕ್ತ ಆಗ್ಯಾನ ಅಂತ ತಿಳ್ಕೊಂಡು ಸ್ವಾಮಾರ ಸ್ವಾಮಾರ ಈಬತ್ತಿ ಹಚ್ಚಿ, ಹೂವ ಏರಸ್ತಾಳ. ಈಗ ಅವನಿಗೇ ಕೀಳಾಕ ಬರವಲ್ದು. ನಿನ್ ನಾದಿನಿ ಲಗ್ನಕ್ಕ ಮನಿಗಿ ಬಣ್ಣ ಹೊಡ್ಯಾರದಾರ, ಅದೇ ನೆವಾ ಕಾಯಾಕತ್ತಾನ."

"ಕೋರ್ಟಿನಾಗ ಇಷ್ಟ ಹೇಳ್ತೀ ಏನs?"

ನೀಲಗಂಗಮ್ಮನ ನಗೆ ಇಳಿಯಿತು. "ಗವಾ ಸಾಕ್ಷಿ ಹೇಳಂಗಿಲ್ಲವ್ವಾ. ನಮಗ ಅವರ ಬಾವಿ ನೀರೇ ಗತಿ." ಹೋಗುವಾಗ ಮಾತ್ರ ತನ್ನ ಮನೆಯ ಹೊಸ ಫೋನಿನ ನಂಬರು ಬರೆದುಕೊಟ್ಟಳು. "ಕೂಸಿನ ಸುದ್ದಿ ಹೇಳೋದಿದ್ರ ಮಾಡು."

ಆ ಚೀಟಿ ಅವಳ ಪರ್ಸಿನಲ್ಲೇ ಕೂತಿತ್ತು. ಆ ಮನೆಯ ಕಡೆ ಇನ್ನೊಮ್ಮೆ ದನಿ ಎತ್ತುವುದಿಲ್ಲ ಅಂತ ಆಣೆ ಮಾಡಿದ್ದಳಲ್ಲ.

ವಕೀಲೆ ವಿಮಲಾಬಾಯಿ ಬ್ರಹ್ಮಪುರದವರು. ಕಥೆ ಕೇಳಿ ಕನ್ನಡಕ ಒರೆಸಿಕೊಂಡರು. "ಅಗ ಪೋರಿ, ಈ ಮಾತು ನಿನ್ ಬಾಯಿಂದ ಹೊರಗ ಬೀಳಬಾರದು. ಅವನ ಬಾಯಿಂದನs ಹೇಳಸ್ತೇನಿ."

ಜೂನಿನ ತಾರೀಖಿಗೆ ಸೂರ್ಯಕಾಂತ ಇಸ್ತ್ರಿ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಬಂದ. ಕೆಂಪು ಬಾಳೆಹಣ್ಣಿನ ವ್ಯಾಪಾರಕ್ಕೆ ಕಾರ್ತಿಕ ಪೂರಾ ಸೊಲ್ಲಾಪುರದಲ್ಲಿದ್ದೆ ಅಂದ.

"ಹಂಗಾದ್ರ ಬೇಲೀಫ ಕಾಗದ ಎಲ್ಲಿ ಹಚ್ಚಿದ?" ವಿಮಲಾಬಾಯಿ ಕೇಳಿದರು.

"ನಮ್ ಓಣ್ಯಾಗ ಇನ್ನೊಬ್ಬ ಸೂರ್ಯಕಾಂತ ಅದಾನ್ರಿ. ಅವನ ಬಾಗಲಿಗಿ ಹಚ್ಚಿರಬೇಕು. ನಮ್ ಬಾಗಲ ಮ್ಯಾಲ ದೇವರ ಪಟ ಬಿಟ್ರ ಏನಿಲ್ಲ."

"ಛಲೋ ಆತು. ಭಕ್ತರಿದ್ದೀರಿ. ಪಟ ಹಚ್ಚಿದವರು ತಾಯಿಯವರೇನು?"

"ನಾನs ಹಚ್ಚೀನ್ರಿ!" ಎದೆ ಉಬ್ಬಿತು.

"ಪುಣ್ಯದ ಕೆಲಸ. ಎಂದು ಹಚ್ಚಿದ್ರಿ?"

"ಕಾರ್ತಿಕ ಸ್ವಾಮಾರ ದಿನಾ..." ಅಂದವನು ನಾಲಿಗೆ ಕಚ್ಚಿಕೊಂಡ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಫೈಲು ತಿರುವಿದರು. ಬೇಲೀಫ ಸಮನ್ಸು ಅಂಟಿಸಿದ್ದು ಕಾರ್ತಿಕದ ಶನಿವಾರ; ಸೊಲ್ಲಾಪುರದಲ್ಲಿದ್ದೆ ಅಂದವನು ಬಾಗಿಲಿಗೆ ಪಟ ಹಚ್ಚಿದ್ದು ಸೋಮವಾರ.

"ಅದರ ಹಿಂದಿನ ವರ್ಷದ ಕಾರ್ತಿಕ್ರಿ," ಸೂರ್ಯಕಾಂತ ಬೆವರು ಒರೆಸಿಕೊಂಡ. "ತೊಂಬತ್ನಾಲ್ಕರದು."

"ಹಾಗಾದರೆ ಪಟದ ಕೆಳಗೆ ಬರೀ ಕಟ್ಟಿಗೆ ಇರಬೇಕು," ಅಂದರು ಸಾಹೇಬರು. ನಾಳೆ ಮುಂಜಾನೆ ಬೇಲೀಫ ಇಬ್ಬರು ಪಂಚರೊಂದಿಗೆ ಹೋಗಿ, ಪಟ ಹರಿಯದಂತೆ ನೀರು ಸವರಿ ಬಿಡಿಸಿ, ಕೆಳಗೇನಿದೆ ನೋಡಿ ಬರಲಿ ಅಂತ ಬರೆಸಿದರು. ಕಾಗದ ಇದ್ದರೆ ಅರ್ಜಿ ವಜಾ, ಮೇಲೆ ಸುಳ್ಳು ಪ್ರಮಾಣದ ಕೇಸು ಬೇರೆ.

ಶಿವಕಾಂತಮ್ಮನ ಎದೆಯಲ್ಲಿ ಬೆಲ್ಲ ಕರಗಿದಂತಾಯಿತು. ಅದು ಕೋರ್ಟಿನ ಮೆಟ್ಟಿಲು ಇಳಿಯುವತನಕ ಮಾತ್ರ. ಸೂರ್ಯಕಾಂತ ಪಕ್ಕದಲ್ಲೇ ಹಾದು, ಮುಖ ತಿರುಗಿಸದೆ ಗುನುಗಿದ, "ಮುಂಜಾನಿಗಿ ಇನ್ನಾ ಟೈಮ್ ಅದ, ಸಾಲಿ ಓದಿದಾಕಿ."

ಅವಳು ಕೂಸನ್ನು ಎತ್ತಿಕೊಂಡೇ ಆಟೋ ಹಿಡಿದು ಅವನ ಹಿಂದೆಯೇ ಸೂಪರ್ ಮಾರ್ಕೆಟಿಗೆ ಬಂದಳು. ಊಹೆ ಸುಳ್ಳಾಗಲಿಲ್ಲ. ಅವನು ಒಂದು ಅಂಗಡಿಯಿಂದ ಹಸಿರು ಬಣ್ಣದ ಡಬ್ಬಿ, ಬ್ರಷ್ಷು, ಬಣ್ಣ ಕೆರೆಯುವ ಪಟ್ಟಿ ಹಿಡಿದುಕೊಂಡು ಹೊರಬಂದು ಕಮಲಾಪುರದ ಟೆಂಪೋ ಹತ್ತಿದ. ಇನ್ನು ಒಂದು ತಾಸು. ತಂಗಿಯ ಲಗ್ನಕ್ಕೆ ಬಣ್ಣ ಹೊಡೆದೆ ಅಂದರೆ ಯಾವ ಸಾಹೇಬರು ಏನು ಮಾಡಿಯಾರು? ಕಂಡವರು ಯಾರು? ಬಾವಿ ನೀರಿಗೆ ಹೆದರುವ ನೀಲಗಂಗಮ್ಮನೆ?

ಕಂಕುಳಲ್ಲಿ ಕೂಸು ಅಳತೊಡಗಿತು. ಎದುರಿಗೇ ಹುಸೇನನ ಎಸ್‌ಟಿಡಿ ಬೂತು. ಅವಳು ಪರ್ಸು ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಅತ್ತೆಗೆ ಅಂಗಲಾಚಬೇಕೆ? ಸತ್ತರೂ ಇಲ್ಲ. ಕೋರ್ಟು ಅಂದರೆ ಮುದುಕಿ ತಾನೇ ಮುಂದೆ ನಿಂತು ಆ ಪಟ ಕೆರೆದಾಳು, ಮಗನ ತಾಯಿ. ಆದರೆ ಕೋರ್ಟಿನ ಮಾತು ಯಾಕೆ ಬೇಕು? ಅತ್ತೆ ಏಳು ತಿಂಗಳು ಹೂವೇರಿಸಿದ್ದು ಸಮನ್ಸಿಗಲ್ಲ, ದೇವರಿಗೆ. ಯೋಚನೆ ಇಲ್ಲಿಗೆ ಬಂದಾಗ ಶಿವಕಾಂತಮ್ಮನಿಗೆ ಮೈ ಬೆಚ್ಚಗಾಯಿತು. ಅಂದು ತಲೆ ಎತ್ತದವಳು ಇಂದು ಎತ್ತಲಿ. ಮಗನ ಮುಂದೆಯೇ ಎತ್ತಲಿ.

"ಎಷ್ಟೊತ್ತು ನಿಂದರ್ತೀರಿ ಬಾಯಿ, ಫೋನ್ ಹಚ್ಚೋದದ ಏನಿಲ್ಲ?" ಹುಸೇನ ಕೇಳಿದ.

"ಹಚ್ಚು," ಅಂದಳು.

ನೀಲಗಂಗಮ್ಮ ಎತ್ತಿದಳು. ದನಿ ಗುರುತಿಸಿ, ಬೈದು, ಕಡೆಗೆ ಸೂಗಮ್ಮನನ್ನು ಕರೆಯಲು ಹೋದಳು. ಗಾಜಿನ ಮೇಲೆ ಕೂಸಿನ ಅಂಗೈ ಬಡಿಯುತ್ತಿತ್ತು. ಆಮೇಲೆ ಏದುಸಿರು, ಬಳೆಯ ಸದ್ದು.

"ಯಾರು?"

"ನಾ ಶಿವಕಾಂತಿ ಅತ್ತೀ. ನನಗೇನೂ ಬೇಕಾಗಿಲ್ಲ. ನಿಮ್ ಮಗ ಹಸರ ಬಣ್ಣದ ಡಬ್ಬಿ ತಗೊಂಡು ಟೆಂಪೋ ಹತ್ಯಾನ. ಕೈಯಾಗ ಕೆರಿಯೋ ಪಟ್ಟಿ ಅದ. ನೀವು ಹೂವ ಏರಸೋ ಶರಣಬಸಪ್ಪನ ಮಾರಿ ಕೆರದು, ಮ್ಯಾಲ ಬಣ್ಣ ಹೊಡಿತಾನ."



"ಹೌದs?" ಸೂಗಮ್ಮನ ದನಿ ಕಲ್ಲಾಗಿತ್ತು. "ಬರ್ಲಿ ಹಾಟ್ಯಾ. ಬಾಗಲಾ ಎಳ್ಕೊಂಡು ಹೊಸ್ತಿಲ ಮ್ಯಾಲ ಕೂಡ್ತೇನಿ. ನನ್ನ ದಾಟಿ ಮುಟ್ಲಿ ನೋಡ್ತೇನಿ."

ಶಿವಕಾಂತಮ್ಮ ಕಣ್ಣು ಮುಚ್ಚಿಕೊಂಡಳು. ಬಾಗಿಲಿಗೆ ಕೈ ಅಡ್ಡ ಇಟ್ಟ ಮುದುಕಿ, ಹೊರಗೆ ಡಬ್ಬಿ ಹಿಡಿದು ನಿಂತ ಸೂರ್ಯಕಾಂತ. ಹೊಸ್ತಿಲ ಹೊರಗೆ.

"ಕೂಸಿನ ದನಿ ಅದೇನು?" ಅತ್ತೆ ಮೆಲ್ಲಗೆ ಕೇಳಿದಳು. "ಹ್ಯಾಂಗದ ಅದು?"

ಶಿವಕಾಂತಮ್ಮ ಫೋನು ಇಟ್ಟಳು.