ಆಯಿಯ ರಕ್ತ ಪರೀಕ್ಷೆ

ಆಯಿಯ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಐದನೇ ಬಸಿರೂ ನಿಲ್ಲದ ಮೇಲೆ ಸುರೇಬಾನದ ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದ ದಿನ, ಕಿವಿಯ ಬೆಂಡವಾಲಿಯನ್ನು ತಿರುಪು ಬಿಚ್ಚದೆ ಜಗ್ಗಿ ಕಿತ್ತುಕೊಂಡಿದ್ದರು. "ಹೊಲಿಸ್ಕೋಬಾರ್ದೇನ್ರಿ ಆಯಿ?" ಎಂದು ಒಮ್ಮೆ ಕೇಳಿದ್ದೆ. "ಹೊಲಿಸ್ಕೊಂಡ್ರ ಸಿಟ್ಟು ಆರತೈತಿ. ಇರ್ಲಿ ಬಿಡು" ಎಂದಳು.

ನನ್ನ ಮಾವನವರ ಅಕ್ಕ ಆಕೆ. ನೇಸರಗಿಯ ತವರಿನಲ್ಲಿ, ಅಂದರೆ ನಾನು ಸೊಸೆಯಾಗಿ ಬಂದ ಮನೆಯಲ್ಲಿ, ನಲವತ್ತಕ್ಕೂ ಹೆಚ್ಚು ವರ್ಷ ಇದ್ದಳು. ರೊಟ್ಟಿ ಬಡಿಯುವಾಗ ಒಂದೊಂದು ರೊಟ್ಟಿಗೆ ಸುರೇಬಾನದ ಒಬ್ಬೊಬ್ಬರ ಹೆಸರು ಹಿಡಿದು ಬಡಿಯುತ್ತಿದ್ದಳು. ಗಂಡನ ಪಾಳಿ ಬಂದಾಗ ರೊಟ್ಟಿ ಹರಿಯುತ್ತಿತ್ತು, ಅದನ್ನು ಎಮ್ಮೆಗೆ ಹಾಕುತ್ತಿದ್ದಳು. "ದೋಷ ಆ ಭಾಡ್ಯಾಂದು, ಹೆಸರು ಮಾತ್ರ ನಂದು." ಆತನಿಗೆ ಎರಡನೆಯವಳಲ್ಲಿ ಮಕ್ಕಳಾದರೂ ಆಕೆ ಈ ಮಾತು ಬಿಡಲಿಲ್ಲ.

ನನಗೂ ಮೂರು ಸಲ ಬಸಿರು ಇಳಿಯಿತು. ಆಮೇಲೊಂದು ದಿನ ಪಕ್ಕದ ಮನೆಯ ಬಸುರಿ ಹುಡುಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊರಟಾಗ ಅತ್ತೆ ನನ್ನ ಕೈಯಿಂದ ತಾಟು ತೆಗೆದುಕೊಂಡರು. "ನೀ ಒಳಗ ಕುಂದ್ರವಾ. ಬಸುರಿ ಹೆಂಗಸಿಗೆ ನಿನ್ನ ಕೈಲೆ ಉಡಿ ತುಂಬಸೂದು ಬ್ಯಾಡ" ಎಂದು ಮೆತ್ತಗೆ ಹೇಳಿದರು. ಮಗನಿಗೆ ಚಚಡಿಯಲ್ಲೊಂದು ಹೆಣ್ಣು ನೋಡಿದ್ದಾರೆಂಬ ಸುದ್ದಿಯೂ ಕಿವಿಗೆ ಬಿತ್ತು. ಆಯಿ ನನ್ನ ಕಣ್ಣೊರೆಸಲು ಬರಲಿಲ್ಲ. "ಆ ಮಾತು ನೆನಪಿಟ್ಕೊ. ಹೆಂಗ ಅಂದ್ಲೋ ಹಂಗಽ" ಎಂದಳು, ಅಷ್ಟೇ.

ಬೆಳಗಾವಿಯ ಡಾಕ್ಟರಲ್ಲಿಗೆ ಆಯಿಯೂ ನಮ್ಮ ಜೊತೆ ಬಂದಳು. ರಕ್ತ ಪರೀಕ್ಷೆಯಲ್ಲಿ ನನ್ನದು ಸರಿಯಿತ್ತು. ನನ್ನ ಗಂಡನಲ್ಲಿ ಎರಡು ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿದ್ದವು. ಅವರಿಗೇನೂ ತೊಂದರೆಯಿಲ್ಲ, ಆದರೆ ಭ್ರೂಣಕ್ಕೆ ಒಂದು ತುಂಡು ಹೆಚ್ಚೋ ಕಡಿಮೆಯೋ ಬಂದರೆ ಅದು ನಿಲ್ಲುವುದು ಕಷ್ಟ. ಪ್ರಯೋಗಾಲಯದಲ್ಲಿ ಭ್ರೂಣಗಳನ್ನು ಬೆಳೆಸಿ, ಪ್ರತಿಯೊಂದರಿಂದ ಕೆಲವೇ ಜೀವಕೋಶ ತೆಗೆದು ಪರೀಕ್ಷಿಸಿ, ಸರಿಯಿದ್ದುದನ್ನು ಮಾತ್ರ ಗರ್ಭದಲ್ಲಿಡೋಣ ಎಂದರು ಡಾಕ್ಟರು.

"ಇದು ಮನಿತನದಾಗ ಬರತೈತೇನ್ರಿ?" ಆಯಿ ಕೇಳಿದಳು.

"ಬರಬಹುದು."

ಆಯಿ ಕುಪ್ಪಸದ ತೋಳು ಮೇಲೇರಿಸಿದಳು. "ನಂದೂ ತಗೀರಿ."

ಮೂರು ವಾರದ ಮೇಲೆ ಹೋಗಿ ತಂದ ಆಕೆಯ ವರದಿಯಲ್ಲೂ ಅದೇ ಅದಲುಬದಲು ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಆಯಿ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಊರು ಹತ್ತಿರವಾದಾಗ, "ನಂದಽ ಇತ್ತು. ಇದ್ರೂ ಕಿವಿ ಹರೀಬೇಕಿತ್ತೇನ ಅವರು?" ಎಂದಳು. ಆಕೆಯ ವರದಿಯ ಮಾತು ಯಾರಿಗೂ ಹೇಳುವುದಿಲ್ಲವೆಂದು ನಾನೂ ನನ್ನ ಗಂಡನೂ ಆಕೆಗೆ ಮಾತು ಕೊಟ್ಟೆವು. ನನ್ನ ಗಂಡ ತಮ್ಮ ವರದಿಯನ್ನೂ ತಾಯಿಗೆ ತೋರಿಸಲಿಲ್ಲ.

ಏಳು ಭ್ರೂಣಗಳಲ್ಲಿ ಪರೀಕ್ಷೆ ದಾಟಿದ್ದು ಒಂದೇ. ಅದು ನಿಂತಿತು. ನನ್ನ ಕುಬಸದ ದಿನ ಅತ್ತೆ ತಾಟು ಹಿಡಿದು ಎಲ್ಲರಿಗಿಂತ ಮುಂದೆ ಬಂದರು. "ನಮ್ಮ ಸೊಸೀದು ದೋಷ ಇತ್ರಿ. ದವಾಖಾನಿಯಾಗ ತಗಸಿಕೊಂಡು ಬಂದ್ವಿ" ಎಂದು ನೆರೆದ ಹೆಂಗಸರಿಗೆಲ್ಲ ಹೇಳುತ್ತಿದ್ದರು. ಬಾಗಿಲಲ್ಲಿದ್ದ ನನ್ನ ಗಂಡ ಕೇಳಿಯೂ ಸುಮ್ಮನೆ ನಿಂತಿದ್ದರು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಯಿ ಎದ್ದು ಬಂದು ಅತ್ತೆಯ ಕೈಯಿಂದ ತಾಟು ತೆಗೆದುಕೊಂಡಳು. "ನೀ ಒಳಗ ಕುಂದ್ರವಾ. ಬಸುರಿ ಹೆಂಗಸಿಗೆ ನಿನ್ನ ಕೈಲೆ ಉಡಿ ತುಂಬಸೂದು ಬ್ಯಾಡ." ಅದೇ ಮಾತು, ಅಷ್ಟೇ ಮೆತ್ತಗೆ. ಅತ್ತೆ ಬಿಳಿಚಿಕೊಂಡರು. "ದೋಷ ಸೊಸೀದಲ್ಲ, ನಿನ್ನ ಮಗನ ರಕ್ತದಾಗ ಐತಿ. ನನ್ನ ರಕ್ತದಾಗೂ ಅದಽ ಐತಿ, ಪರೀಕ್ಷಾ ಮಾಡಿಸೇನಿ. ಹೋಗು ಈಗ."

ಅತ್ತೆ ಒಳಗೆ ಹೋದರು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ! ಉಡಿಯನ್ನು ಆಯಿಯೇ ತುಂಬಿದಳು. ನಲವತ್ತು ವರ್ಷ ಅಲ್ಲಗಳೆದ ಮಾತನ್ನು ನನಗೋಸ್ಕರ ಊರ ಹೆಂಗಸರ ಮುಂದೆ ಒಪ್ಪಿಕೊಂಡಳೆಂಬುದು ನನಗೆ ಹೊಳೆದದ್ದು ಆಮೇಲೆ. ವಾರದೊಳಗೆ ಸುದ್ದಿ ಸುರೇಬಾನಕ್ಕೂ ಮುಟ್ಟಿತು. ಅಲ್ಲಿ ನಕ್ಕರಂತೆ.

ನನ್ನ ಮಗಳಿಗೆ ಮೂರು ತುಂಬಿದ ವರ್ಷ ಆಯಿ ತೀರಿಕೊಂಡಳು. ಮೂರನೇ ದಿನ ಮಾತಾಡಿಸಲು ಬಂದ ಅತ್ತೆಯ ತಂಗಿ ಚಹಾ ಹಿಡಿದುಕೊಂಡು, "ಪಾಪ, ಸುರೇಬಾನದವರದೇನೂ ತಪ್ಪಿರಲಿಲ್ಲ ಬಿಡ್ರಿ. ಈಕೀದಽ ದೋಷ ಇತ್ತಲ್ಲ" ಎಂದರು.

ನಾನು ಅವರ ಕೈಯಿಂದ ಕಪ್ಪು ತೆಗೆದುಕೊಂಡೆ. "ಏಳ್ರಿ. ನಿಮ್ಮ ಬಸ್ಸಿನ ಹೊತ್ತಾತು." ಸಾವಿನ ಮನೆಗೆ ಬಂದವರನ್ನು ಎಬ್ಬಿಸಿ ಕಳಿಸಬಾರದಂತೆ. ಕಳಿಸಿದೆ. ಆ ಮಾತು ಇನ್ನಾರ ಬಾಯಲ್ಲಿ ಬಂದರೂ ಹೀಗೆಯೇ ಕಳಿಸುತ್ತೇನೆ.