ನೀಲವ್ವನ ಅರವಟಿಗೆಯಲ್ಲಿ ಒಂದು ದಿನ

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ತಿಕೋಟಾ ದಾರಿಯಲ್ಲಿ ನಲವತ್ತು ವರ್ಷದಿಂದ ಅರವಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುತ್ತಿದ್ದ ನೀಲವ್ವನಿಗೆ ಎಂಬತ್ತು ದಾಟಿತ್ತು. ಅಂದು ವಿಜಾಪುರದ ಸಭೆಯಲ್ಲಿ ಆಕೆಗೆ ಸನ್ಮಾನ. ಕರೆತರಲು ಸಾಲಿ ಮಾಸ್ತರನಾದ ನಾನು ಟಾಂಗಾ ತಗೊಂಡು ಹೋದೆ.

"ನಾ ಬಂದ್ರ ಇಲ್ಲಿ ನೀರು ಕೊಡಾವ್ರು ಯಾರೋ ಯಪ್ಪಾ?" ಎಂದು ಆಕೆ ಕದಲಲೇ ಇಲ್ಲ.

ವಿಜಾಪುರದಲ್ಲಿ ಸಭೆಗೆ ಜನ ಆಗಲೇ ಸೇರಿದ್ದರು. "ನಾ ಕೊಡ್ತೇನಿ, ನೀ ಹೋಗಿ ಬಾ ಯವ್ವಾ" ಎಂದು ತಂಬಿಗೆ ಹಿಡಿದೆ. ಆಮೇಲೆ ಟಾಂಗಾ ಹತ್ತಿದಳು.

ಪಕ್ಕದ ಬಾವಿಯಿಂದ ನೀರು ಸೇದಿ ಸೇದಿ ಮಧ್ಯಾಹ್ನದೊಳಗೆ ನನ್ನ ರಟ್ಟೆ ಸೋತಿತು. ಬೊಗಸೆ ಒಡ್ಡಿದ ಅತ್ತರ ಮಾರುವ ಸಾಬರೊಬ್ಬರು, "ಸಾವಕಾಶ ಹಾಕ್ರಿ ಮಾಸ್ತರ, ಕುಡಿಯಾಕ ಬಂದೇನಿ, ಜಳಕಕ್ಕಲ್ಲ" ಎಂದು ನಕ್ಕರು.

ಸಂಜೆ ಶಾಲು ಹೊದ್ದು ಇಳಿದ ನೀಲವ್ವ ಕೆಸರಾದ ನೆಲ ನೋಡಿ, "ಮಂದಿಗಿಂತ ನೆಲಕ್ಕ ಹೆಚ್ಚು ಕುಡಿಸೀಯಲ್ಲೋ ತಮ್ಮಾ!" ಅಂದಳು.

ಅಂದು ಸಭೆಯಲ್ಲಿ ಓದಿದ ಆಕೆಯ ಗುಣಗಾನ ಬರೆದವ ನಾನೇ. ಬಾವಿಯಿಂದ ಒಂದು ಕೊಡವನ್ನೂ ಸೇದದೆ ಬರೆದಿದ್ದೆ.